ಮೆಚ್ಚಿನ ಬೈಕಿಗೆ ಚಳಿಗಾಲದ ದುಡಿಮೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು: ಬಹಳ ಇಷ್ಟಪಟ್ಟು ಇಟ್ಟುಕೊಂಡಿರುವ ಬೈಕನ್ನು ಚಳಿಗಾಲದ ತಿಂಗಳುಗಳಲ್ಲಿಯೂ ದಿನನಿತ್ಯದ ಓಡಾಟಕ್ಕೆ ಬಳಸಬಹುದೇ, ಬಳಸಿದರೆ ಅದು ಎಷ್ಟರಮಟ್ಟಿಗೆ ಉಳಿದೀತು ಎಂಬುದು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಅಂಕಣವನ್ನು ಇದೊಂದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಬೈಕಿಗೆ ಹನ್ನೆರಡು ವರ್ಷ. ಮೊದಲ ಸಂಬಳದಿಂದ ಕೂಡಿಡಲು ತೊಡಗಿ ಕೊಂಡದ್ದು. ಕ್ರೋಮ್ ಸೈಲೆನ್ಸರಿನಿಂದ ಹಿಡಿದು ಟ್ಯಾಂಕಿನ ಮೇಲಿನ ಗೆರೆಯವರೆಗೆ ಎಲ್ಲವೂ ಹೊಸದರಂತೆಯೇ ಇದೆ. ಈ ವರ್ಷದಿಂದ ಕೆಲಸಕ್ಕೆ ಹೋಗಿಬರಲು ದಿನಕ್ಕೆ 30 ಕಿಲೋಮೀಟರ್ ಆಗುತ್ತದೆ, ನನ್ನಲ್ಲಿ ಬೇರೆ ವಾಹನವಿಲ್ಲ. ನಾನಿರುವ ಕಡೆ ಹಿಮ ಬೀಳುತ್ತದೆ, ರಸ್ತೆಗೆ ಉಪ್ಪು ಹಾಕುತ್ತಾರೆ. ‘ಯಾವುದಾದರೂ ಹಳೆಯ ಗಾಡಿ ಕೊಂಡು ಓಡಿಸು, ಇದನ್ನು ಒಳಗಿಡು’ ಎಂದು ಗೆಳೆಯರೆಲ್ಲ ಹೇಳುತ್ತಾರೆ. ಓಡಿಸಿದರೆ ನಿಜವಾಗಿಯೂ ಹಾಳಾಗುತ್ತದೆಯೇ?

ಉತ್ತರ: ಚಳಿ ಬೈಕನ್ನು ಹಾಳುಮಾಡುವುದಿಲ್ಲ, ಉಪ್ಪು ಹಾಳುಮಾಡುತ್ತದೆ. ಈ ಎರಡನ್ನೂ ಒಂದೇ ಎಂದು ಭಾವಿಸಿ ಅನೇಕರು ಒಣಚಳಿಗೆ ಹೆದರಿ ಗಾಡಿಯನ್ನು ಮುಚ್ಚಿಡುತ್ತಾರೆ, ಇಲ್ಲವೇ ಉಪ್ಪಿನ ಕೆಸರಿನಲ್ಲಿ ಓಡಿಸಿ ಬಂದು ಒರೆಸದೆ ನಿಲ್ಲಿಸುತ್ತಾರೆ.

ನೂರಕ್ಕೆ 23ರಷ್ಟು ಉಪ್ಪು ಕರಗಿದ ನೀರು −21 ಡಿಗ್ರಿ ಸೆಲ್ಸಿಯಸ್ ತನಕ ಹೆಪ್ಪುಗಟ್ಟದೆ ಉಳಿಯುತ್ತದೆ; ರಸ್ತೆಗೆ ಉಪ್ಪು ಸುರಿಯುವುದು ಈ ಗುಣವನ್ನು ನಂಬಿಕೊಂಡೇ. ಆದರೆ ರಸ್ತೆಗೆ ಉಪಕಾರವಾದದ್ದೇ ಲೋಹಕ್ಕೆ ಅಪಕಾರ. ತುಕ್ಕು ಹಿಡಿಯಲು ಲೋಹ, ನೀರು, ಗಾಳಿ ಸಾಕು. ನೀರಿನಲ್ಲಿ ಉಪ್ಪು ಸೇರಿದರೆ ಅದು ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡುವುದರಿಂದ ಆ ಕ್ರಿಯೆ ಬಹಳ ಚುರುಕಾಗುತ್ತದೆ. ಇದಲ್ಲದೆ ಉಪ್ಪಿನಲ್ಲಿರುವ ಕ್ಲೋರೈಡು, ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ತಾನಾಗಿ ಹುಟ್ಟಿಕೊಂಡು ಅವನ್ನು ಕಾಯುವ ತೆಳುಪದರವನ್ನೇ ಅಲ್ಲಲ್ಲಿ ಒಡೆದು, ಸೂಜಿಮೊನೆಯಷ್ಟು ಚಿಕ್ಕ ಕುಳಿಗಳನ್ನು ಕೊರೆಯುತ್ತದೆ. ಚಳಿ ಹೆಚ್ಚಿರುವ ಊರುಗಳಲ್ಲಿ ಅಡುಗೆ ಉಪ್ಪಿನ ಬದಲು ಬಳಸುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡುಗಳು ಇನ್ನೂ ಮೊಂಡು, ಏಕೆಂದರೆ ಅವು ಗಾಳಿಯ ತೇವವನ್ನು ತಾವೇ ಎಳೆದುಕೊಳ್ಳುತ್ತವೆ. ಮೂರು ದಿನ ಬಿಸಿಲು ಬಂದು ರಸ್ತೆ ಬೆಳ್ಳಗೆ ಒಣಗಿದ್ದರೂ ನಿಮ್ಮ ಮಡ್‌ಗಾರ್ಡಿನ ಒಳಮೈ ಒದ್ದೆಯಾಗಿಯೇ ಇರುವುದು ಈ ಕಾರಣದಿಂದ.

ಹಾನಿ ಎಲ್ಲ ಕಡೆಯೂ ಒಂದೇ ಸಮನಾಗಿ ಆಗುವುದಿಲ್ಲ, ಕಣ್ಣಿಗೆ ಬೀಳುವ ಕಡೆ ಮೊದಲು ಆಗುವುದೂ ಇಲ್ಲ. ಟ್ಯಾಂಕಿನ ಬಣ್ಣ ಗಟ್ಟಿ. ಅದಕ್ಕೆ ಉಪ್ಪು ಅಷ್ಟಾಗಿ ಏನೂ ಮಾಡದು. ಮುಂಚಕ್ರ ಎರಚುವ ಕೆಸರು ನೇರವಾಗಿ ಬಡಿಯುವ ಎಂಜಿನ್ನಿನ ಮುಂಭಾಗ, ಸೈಲೆನ್ಸರ್ ಕೊಳವೆಯ ಬುಡ, ರೇಡಿಯೇಟರಿನ ರೆಕ್ಕೆಗಳು, ಸೆಂಟರ್ ಸ್ಟ್ಯಾಂಡಿನ ಕೀಲು, ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳತುದಿ, ಸ್ಪೋಕ್ ಕಡ್ಡಿಗಳು ರಿಮ್ಮಿಗೆ ಸೇರುವ ಜಾಗ, ಇವೇ ಮೊದಲು ಬಲಿಯಾಗುತ್ತವೆ. ಅಲ್ಯೂಮಿನಿಯಂ ಮೇಲೆ ಬಳಿದ ಪಾರದರ್ಶಕ ಮೆರುಗಿನ ಅಡಿಯಲ್ಲಿ ಬಿಳಿಯ ಹುಳು ಹರಿದಂತೆ ಗೆರೆಗಳು ಕಾಣಿಸಿಕೊಂಡರೆ ಉಪ್ಪುನೀರು ಒಳಹೊಕ್ಕಿದೆ ಎಂದೇ ಅರ್ಥ. ಕ್ರೋಮಿನ ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಅವುಗಳ ಮೂಲಕ ಅಡಿಯ ಕಬ್ಬಿಣಕ್ಕೆ ತುಕ್ಕು ಹಿಡಿದಾಗ ಹೊರಗೆ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಚುಕ್ಕೆಗಳೇಳುತ್ತವೆ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಮುಂಫೋರ್ಕಿನ ಹೊಳೆಯುವ ಕೊಳವೆ. ಅದರ ಮೇಲೆ ಒಂದು ಸಣ್ಣ ಕುಳಿ ಬಿದ್ದರೂ ಅದು ಗರಗಸದಂತೆ ಮೇಲೆ ಕೆಳಗೆ ಆಡುತ್ತ ಆಯಿಲ್ ಸೀಲನ್ನು ಹರಿಯುತ್ತದೆ, ಸೋರಿದ ಆಯಿಲ್ ಬ್ರೇಕಿನ ಮೇಲೆ ಇಳಿಯುತ್ತದೆ. ಅಲ್ಲಿಗೆ ಅದು ಅಂದಚಂದದ ಮಾತಾಗಿ ಉಳಿಯುವುದಿಲ್ಲ.

ಇನ್ನು ನಿಮ್ಮ ಗೆಳೆಯರ ಸಲಹೆ. ಚಳಿಗಾಲಕ್ಕೆಂದು ಬೇರೆ ಗಾಡಿ ಕೊಳ್ಳುವುದು ತಪ್ಪಲ್ಲ, ಆದರೆ ಹಾಳಾದರೂ ಚಿಂತೆಯಿಲ್ಲವೆಂದು ಕೊಂಡ ಗಾಡಿಯ ಬ್ರೇಕನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ರಸ್ತೆ ಅತಿ ಕೆಟ್ಟದಾಗಿರುವ ಕಾಲದಲ್ಲಿ, ಅತಿ ಕತ್ತಲೆಯ ಹೊತ್ತಿನಲ್ಲಿ, ನಮಗೆ ಅತಿ ಕಡಿಮೆ ಅಕ್ಕರೆಯಿರುವ ವಾಹನದ ಮೇಲೆ ಕೂರುವುದು ನನಗೆ ಅಷ್ಟು ಜಾಣತನವೆಂದು ತೋರುವುದಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ಮನೆಗೆ ಮರಳಿದ ಮೇಲೆ, ಕೈ ಮರಗಟ್ಟಿರುವಾಗಲೂ, ಹತ್ತು ನಿಮಿಷ ನೀರು ಹಾಯಿಸಲು ನಲ್ಲಿಯೂ ಜಾಗವೂ ಮನಸ್ಸೂ ನಿಮಗಿವೆಯೇ? ಇದ್ದರೆ ನಿಮ್ಮ ಬೈಕನ್ನೇ ಓಡಿಸಿ. ಇಲ್ಲದಿದ್ದರೆ ಗೆಳೆಯರ ಮಾತು ಕೇಳಿ.

ಓಡಿಸುವುದಾದರೆ, ಮೊದಲ ಉಪ್ಪು ಬೀಳುವ ಮುನ್ನವೇ ಒಂದು ರಜಾದಿನ ಪೂರ್ತಿ ಇದಕ್ಕೆ ಕೊಡಿ. ಚೆನ್ನಾಗಿ ತೊಳೆದು ಒಣಗಿಸಿ, ಬಣ್ಣಕ್ಕೆ ಮೇಣದ ಪಾಲಿಶ್ ಹಚ್ಚಿ. ಬರಿಯ ಲೋಹ, ನಟ್ಟು ಬೋಲ್ಟು ಹಾಗೂ ಚೌಕಟ್ಟಿನ ಬೆಸುಗೆಗಳಿಗೆ ಮೇಣ ಅಥವಾ ಉಣ್ಣೆಕೊಬ್ಬಿನ ತುಕ್ಕುತಡೆ ದ್ರವವನ್ನು ಸಿಂಪಡಿಸಿ. ಬ್ರೇಕ್ ಡಿಸ್ಕು, ಪ್ಯಾಡು, ಟೈರುಗಳಿಗೆ ಅದರ ಒಂದು ಹನಿಯೂ ತಗಲದಂತೆ ಬಟ್ಟೆ ಕಟ್ಟಿ ಮುಚ್ಚಿರಬೇಕು. ಅಲ್ಯೂಮಿನಿಯಂ ಒಳಗೆ ಕೂತಿರುವ ಸ್ಟೀಲ್ ಬೋಲ್ಟುಗಳಲ್ಲಿ ಸುಲಭವಾಗಿ ಬಿಚ್ಚಬಹುದಾದವುಗಳನ್ನು ಒಂದೊಂದಾಗಿ ತೆಗೆದು, ತಿರುಪಿನ ಗೆರೆಗಳಿಗೆ ಕಚ್ಚುವಿಕೆ ತಡೆಯುವ ಪೇಸ್ಟ್ ಹಚ್ಚಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಾಗಿ ಮರಳಿ ಕೂರಿಸಿ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಕರಗಿ ಬಿಳಿಪುಡಿಯಾಗಿ ಬೋಲ್ಟನ್ನು ಕಚ್ಚಿಹಿಡಿಯುತ್ತದೆ, ಮುಂದೆ ಬಿಚ್ಚಹೋದವರ ಕೈಯಲ್ಲಿ ಅದರ ತಲೆ ಮಾತ್ರ ಉಳಿಯುತ್ತದೆ.

ತೊಳೆಯಲು ತಣ್ಣೀರೇ ಸಾಕು. 0 ಡಿಗ್ರಿಯ 100 ಮಿಲಿಲೀಟರ್ ನೀರಿನಲ್ಲಿ ಸುಮಾರು 36 ಗ್ರಾಂ ಅಡುಗೆ ಉಪ್ಪು ಕರಗಿದರೆ, ಕುದಿಯುವ ನೀರಿನಲ್ಲಿ ಕರಗುವುದು 39 ಗ್ರಾಂ ಅಷ್ಟೇ. ಆದ್ದರಿಂದ ನೀರು ಕಾಯಿಸುವ ಶ್ರಮ ವ್ಯರ್ಥ. ಪಾತ್ರೆ ತೊಳೆಯುವ ಸಾಬೂನು ಬೇಡ. ಅದು ಹಚ್ಚಿದ ಮೇಣವನ್ನು ಕಿತ್ತುಹಾಕುತ್ತದೆ, ಕೆಲವದರಲ್ಲಿ ಉಪ್ಪೇ ಸೇರಿರುತ್ತದೆ. ರಭಸದ ಯಂತ್ರದಿಂದ ನೀರು ಹೊಡೆಯುವುದಂತೂ ಬೇಡವೇ ಬೇಡ. ಒಂದು ಚಳಿಗಾಲ ಪೂರ್ತಿ ನಾನು ಹಾಗೆ ಮಾಡಿ, ಬೈಕು ಥಳಥಳಿಸುತ್ತಿದೆಯೆಂದು ಹೆಮ್ಮೆಪಟ್ಟು, ಬೇಸಿಗೆಗೆ ಮುನ್ನ ಹ್ಯಾಂಡಲ್ ತಿರುಗಿಸಿದಾಗ ಬೇರಿಂಗಿನೊಳಗೆ ಮರಳು ಅರೆದಂತೆ ಸದ್ದು ಕೇಳಿಸಿಕೊಂಡವನು. ಗ್ರೀಸನ್ನೆಲ್ಲ ನಾನೇ ತೊಳೆದುಹಾಕಿದ್ದೆ. ತೋಟಕ್ಕೆ ನೀರು ಹಾಯಿಸುವ ಕೊಳವೆಯ ಸಾಮಾನ್ಯ ಧಾರೆ ಸಾಕು, ಅದನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯಬೇಕು. ನೀರು ಬಿದ್ದಲ್ಲೇ ಹೆಪ್ಪುಗಟ್ಟುವಷ್ಟು ಚಳಿಯಿರುವ ಸಂಜೆ ತೊಳೆಯಬೇಡಿ, ಕೇಬಲ್ಲು ಬೀಗಗಳೊಳಗೆ ಮಂಜುಗಡ್ಡೆ ಕಟ್ಟುತ್ತದೆ; ಆ ಚಳಿಯಲ್ಲಿ ತುಕ್ಕು ಕೂಡ ನಿಧಾನವಾಗಿಯೇ ನಡೆಯುವುದರಿಂದ ಒಂದು ದಿನ ಕಾಯಬಹುದು. ಇದೇ ಕಾರಣಕ್ಕೆ, ಉಪ್ಪು ಮೆತ್ತಿದ ಬೈಕನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸುವುದು ಅದಕ್ಕೆ ಮಾಡುವ ಉಪಚಾರವಲ್ಲ. ಬಿಸಿ ಹೆಚ್ಚಿದಷ್ಟೂ ತುಕ್ಕಿನ ಕ್ರಿಯೆಯೂ ಹೆಚ್ಚುತ್ತದೆ.

ಇಷ್ಟೆಲ್ಲ ಮಾಡಿದರೂ ಮೂರು ನಾಲ್ಕು ಚಳಿಗಾಲಗಳ ನಂತರ ನಿಮ್ಮ ಬೈಕು ಇಂದಿನ ಹಾಗೆಯೇ ಇರುತ್ತದೆಂದು ನಾನು ಮಾತು ಕೊಡಲಾರೆ. ಸೈಲೆನ್ಸರಿನ ಬುಡದಲ್ಲಿ ಕೆಲವು ಚುಕ್ಕೆಗಳು, ಕೆಲವು ಮಾಸಿದ ಬೋಲ್ಟುಗಳು ಬಂದೇ ಬರುತ್ತವೆ. ಅಷ್ಟನ್ನು ಸಹಿಸಲಾಗದಿದ್ದರೆ ಈಗಲೇ ನಿರ್ಧರಿಸುವುದು ಒಳ್ಳೆಯದು.

ಪ್ರಶ್ನೆ: ನನ್ನ ಕಚೇರಿ ಮೂರೇ ಕಿಲೋಮೀಟರ್ ದೂರ. ಇಷ್ಟು ಕಡಿಮೆ ಓಡಿಸುವುದರಿಂದ ಎಂಜಿನ್ನಿಗೆ ಶ್ರಮವಿಲ್ಲವೆಂದು ನೆಮ್ಮದಿಯಿಂದಿದ್ದೆ. ಮೊನ್ನೆ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಕೆನೆಬಣ್ಣದ ಲೋಳೆ ಕಂಡಿತು. ಎಂಜಿನ್ ಕೆಟ್ಟಿದೆಯೇ?

ಉತ್ತರ: ಬಹುಮಟ್ಟಿಗೆ ಕೆಟ್ಟಿರಲಾರದು, ಆದರೆ ನಿಮ್ಮ ನೆಮ್ಮದಿಗೆ ಆಧಾರವಿಲ್ಲ. ಚಳಿಗಾಲದಲ್ಲಿ ಮೂರು ಕಿಲೋಮೀಟರಿನ ಓಡಾಟವು ಮೂವತ್ತು ಕಿಲೋಮೀಟರಿನದಕ್ಕಿಂತ ಎಂಜಿನ್ನಿಗೆ ಹೆಚ್ಚು ಕಷ್ಟದ್ದು.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ ಎಂದರೆ ಹಲವರು ನಂಬುವುದಿಲ್ಲ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರಿ ಆಗುವ ಈ ನೀರು ಆವಿಯಾಗಿ ಹೊರಟುಹೋಗುವುದರಿಂದ ನಮಗೆ ಕಾಣಿಸುವುದಿಲ್ಲ, ಅಷ್ಟೇ. ಎಂಜಿನ್ ತಣ್ಣಗಿರುವಾಗ ಆ ಆವಿಯ ಒಂದು ಪಾಲು ಸೈಲೆನ್ಸರಿನೊಳಗೆ ಹನಿಗಟ್ಟುತ್ತದೆ, ಇನ್ನೊಂದು ಪಾಲು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲಿಗೆ ಬೆರೆಯುತ್ತದೆ. ನೀವು ಕಂಡ ಲೋಳೆ ಈ ನೀರು ಮತ್ತು ಆಯಿಲ್ ಕಡೆದುಹೋದದ್ದು. ನೀರಿನ ಜೊತೆಗೆ ಪೂರ್ತಿ ಉರಿಯದ ಪೆಟ್ರೋಲೂ ಇಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೊರಬೀಳುತ್ತವೆ. ಮೂರು ಕಿಲೋಮೀಟರಿನಲ್ಲಿ ಅದು ಅಷ್ಟು ಕಾಯುವುದಿಲ್ಲ. ಸೈಲೆನ್ಸರು ಒಳಗಿನಿಂದ ತೂತು ಬೀಳುವುದಕ್ಕೂ ಈ ನಿಂತ ನೀರೇ ಕಾರಣ.

ಸಂಜೆ ಬರುವಾಗ ವಾರಕ್ಕೆ ಎರಡು ಮೂರು ಬಾರಿಯಾದರೂ ಬಳಸುದಾರಿ ಹಿಡಿದು, ಎಂಜಿನ್ ಬಿಸಿಯಾದ ಮೇಲೆಯೂ ಇಪ್ಪತ್ತು ನಿಮಿಷವಾದರೂ ಬಿಡದೆ ಓಡಿಸಿ. ಆಯಿಲನ್ನು ಕಿಲೋಮೀಟರ್ ಲೆಕ್ಕದಲ್ಲಿ ಬದಲಾಯಿಸದೆ ತಿಂಗಳ ಲೆಕ್ಕದಲ್ಲಿ ಬದಲಾಯಿಸಿ. ಆಯಿಲಿನ ಡಬ್ಬಿಯ ಮೇಲೆ 10ಡಬ್ಲ್ಯೂ-40 ಎಂದಿದ್ದರೆ ‘ಡಬ್ಲ್ಯೂ’ ಎಂಬುದು ಚಳಿಗಾಲದ ಗುರುತು. ಅದರ ಎಡಕ್ಕಿರುವ ಅಂಕಿ ಕಡಿಮೆಯಿದ್ದಷ್ಟೂ ಮುಂಜಾನೆಯ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ನಿಮ್ಮ ಬೈಕಿನ ಕೈಪಿಡಿ ಒಪ್ಪಿರುವ ಶ್ರೇಣಿಗಳಲ್ಲಿ ಮಾತ್ರ ಆರಿಸಿಕೊಳ್ಳಿ. ಒಂದು ಎಚ್ಚರಿಕೆ: ನೀರಿನಿಂದ ತಂಪಾಗುವ ಎಂಜಿನ್ ನಿಮ್ಮದಾಗಿದ್ದು, ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ, ಅಥವಾ ಮುಚ್ಚಳದಲ್ಲಿ ಮಾತ್ರವಲ್ಲದೆ ಆಯಿಲೆಲ್ಲವೂ ಹಾಲು ಬೆರೆತಂತೆ ಕಂಡರೆ, ಗ್ಯಾಸ್ಕೆಟ್ಟು ಅಥವಾ ಪಂಪಿನ ಸೀಲು ಸೋರುತ್ತಿರಬಹುದು, ಆಗ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ. ಹಾಗೇನೂ ಇಲ್ಲದಿದ್ದರೆ, ಮೂರು ಕಿಲೋಮೀಟರಿಗೆ ನಡಿಗೆಯೂ ಒಂದು ದಾರಿಯೆಂದು ಹೇಳುವ ಆಸೆಯನ್ನು ನಾನು ತಡೆದುಕೊಳ್ಳಲಾರೆ.

ಪ್ರಶ್ನೆ: ಹ್ಯಾಂಡಲಿಗೆ ಬಿಸಿಯಾಗುವ ಹಿಡಿಕೆ ಹಾಕಿಸಿದ ಮೇಲೆ ಬೆಳಿಗ್ಗೆ ಸೆಲ್ಫ್ ಒತ್ತಿದರೆ ‘ಟಕ್’ ಎಂಬ ಸದ್ದು ಮಾತ್ರ ಬರುತ್ತದೆ. ಬ್ಯಾಟರಿ ಕಳೆದ ವರ್ಷವಷ್ಟೇ ಹೊಸದಾಗಿ ಹಾಕಿದ್ದು. ತಪ್ಪು ಹಿಡಿಕೆಯದೇ?

ಉತ್ತರ: ಹಿಡಿಕೆಯದೂ ಹೌದು, ಚಳಿಯದೂ ಹೌದು. ಸೀಸ–ಆಮ್ಲದ ಬ್ಯಾಟರಿ 0 ಡಿಗ್ರಿಯಲ್ಲಿ ತನ್ನ ಶಕ್ತಿಯ ಸುಮಾರು ಐದನೇ ಒಂದು ಪಾಲನ್ನು, −18 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕೊಡಲಾರದೆ ಉಳಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಗಟ್ಟಿಯಾದ ಆಯಿಲಿನಲ್ಲಿ ಎಂಜಿನ್ ತಿರುಗಿಸಲು ಸ್ಟಾರ್ಟರ್ ಮೋಟಾರು ಹೆಚ್ಚು ಕರೆಂಟು ಕೇಳುತ್ತದೆ. ಬಿಸಿ ಹಿಡಿಕೆಗಳು ಸಾಮಾನ್ಯವಾಗಿ 30ರಿಂದ 40 ವ್ಯಾಟ್ ಎಳೆಯುವುದರಿಂದ, ಸಿಗ್ನಲ್ಲಿನಲ್ಲಿ ನಿಂತು ಸಾಗುವ ನಿಧಾನದ ದಾರಿಯಲ್ಲಿ ಹಳೆಯ ಬೈಕಿನ ಆಲ್ಟರ್ನೇಟರು ಉತ್ಪಾದಿಸಿದ್ದೆಲ್ಲ ಹೆಡ್‌ಲೈಟಿಗೂ ಹಿಡಿಕೆಗೂ ಖರ್ಚಾಗಿ, ಬ್ಯಾಟರಿಗೆ ಮರಳಿ ತುಂಬುವುದಕ್ಕೆ ಏನೂ ಉಳಿಯುವುದಿಲ್ಲ. ಪ್ರತಿದಿನ ಸ್ವಲ್ಪ ಸ್ವಲ್ಪವೇ ಬರಿದಾದದ್ದು ಒಂದು ಮುಂಜಾನೆ ಬೆಳಕಿಗೆ ಬರುತ್ತದೆ.

ಬೈಕನ್ನು ಕೆಲವು ಗಂಟೆ ನಿಲ್ಲಿಸಿದ ಮೇಲೆ ಮಲ್ಟಿಮೀಟರಿನಿಂದ ಅಳೆಯಿರಿ. 12.6ರಿಂದ 12.8 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.4ಕ್ಕಿಂತ ಕೆಳಗಿದ್ದರೆ ಆ ರಾತ್ರಿಯೇ ಚಾರ್ಜಿಗೆ ಹಾಕಿ. ತುಂಬಿದೊಡನೆ ತಾನಾಗಿ ಕರೆಂಟು ತಗ್ಗಿಸುವ ಚಾರ್ಜರನ್ನು ವಾರಕ್ಕೊಂದು ರಾತ್ರಿ ಜೋಡಿಸಿದರೂ ನಿಮ್ಮ ತೊಂದರೆ ಬಹುಪಾಲು ನೀಗುತ್ತದೆ. ತುಂಬಿದ ಬ್ಯಾಟರಿಯ ಆಮ್ಲ ಎಂಥ ಚಳಿಗೂ ಸುಲಭವಾಗಿ ಹೆಪ್ಪುಗಟ್ಟದು, ಆದರೆ ಬರಿದಾದದ್ದು ಹೆಚ್ಚೂಕಡಿಮೆ ನೀರಿನಂತಾಗಿ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಗಡ್ಡೆಕಟ್ಟಿ ಬ್ಯಾಟರಿಯನ್ನೇ ಒಡೆಯಬಹುದು. ಹಾಗೆ ಹೆಪ್ಪುಗಟ್ಟಿದ ಬ್ಯಾಟರಿಗೆ ಎಂದೂ ಚಾರ್ಜರ್ ಜೋಡಿಸಬಾರದು. ಟರ್ಮಿನಲ್ಲುಗಳನ್ನು ಉಜ್ಜಿ ಬಿಗಿಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹಿಡಿಕೆಯ ಸ್ವಿಚ್ಚನ್ನು ಮನೆಗೆ ಐದು ನಿಮಿಷ ಇರುವಾಗಲೇ ಆರಿಸುವ ಅಭ್ಯಾಸವೂ ಒಳ್ಳೆಯದು. ಹಿಡಿಕೆಯನ್ನೇ ತೆಗೆಸಿಬಿಡಿ ಎಂದು ಮಾತ್ರ ಹೇಳಲಾರೆ, ಏಕೆಂದರೆ ಮರಗಟ್ಟಿದ ಬೆರಳು ಬ್ರೇಕು ಹಿಡಿಯಲು ತಡಮಾಡುತ್ತದೆ.

ಪ್ರಶ್ನೆ: ಕಳೆದ ವಾರ ಬೆಳಗಿನ ಆರೂವರೆಗೆ, ರಸ್ತೆ ಒಣಗಿಯೇ ಇದೆಯೆಂದುಕೊಂಡು ಸಾಗುತ್ತಿದ್ದಾಗ ಸೇತುವೆಯ ಮೇಲೆ ಬೈಕು ಜಾರಿ ಬಿದ್ದೆ. ಮೈಗೆ ಹೆಚ್ಚೇನೂ ಆಗಲಿಲ್ಲ. ಉಷ್ಣಾಂಶ 2 ಡಿಗ್ರಿ ಎಂದು ಮೀಟರಿನಲ್ಲಿ ತೋರಿಸುತ್ತಿತ್ತು. ಹೆಪ್ಪುಗಟ್ಟಲು ಅದು ಸಾಲದಲ್ಲವೇ? ಟೈರು ಬದಲಾಯಿಸಬೇಕೇ?

ಉತ್ತರ: ಮೀಟರು ತೋರಿಸಿದ್ದು ಗಾಳಿಯ ಉಷ್ಣಾಂಶ, ನೀವು ಜಾರಿದ್ದು ನೆಲದ ಮೇಲೆ. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಶಾಖವನ್ನು ಆಕಾಶಕ್ಕೆ ಸೂಸಿಬಿಡುವುದರಿಂದ, ಗಾಳಿ 2 ಅಥವಾ 3 ಡಿಗ್ರಿಯಲ್ಲಿರುವಾಗಲೂ ನೆಲ ಸೊನ್ನೆಗಿಂತ ಕೆಳಗಿಳಿದಿರಬಹುದು. ಸೇತುವೆಯ ಅಡಿಯಲ್ಲಿ ಮಣ್ಣಿನ ಬೆಚ್ಚನೆಯ ಆಸರೆಯೂ ಇಲ್ಲದೆ ಮೇಲಿಂದಲೂ ಕೆಳಗಿಂದಲೂ ತಣ್ಣನೆಯ ಗಾಳಿ ಬೀಸುವುದರಿಂದ ಅದು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ. ಈ ಮಂಜುಗಡ್ಡೆ ಗಾಜಿನಂತೆ ತೆಳ್ಳಗಿದ್ದು ಅಡಿಯ ಟಾರಿನ ಬಣ್ಣವನ್ನೇ ತೋರಿಸುವುದರಿಂದ ಬರೀ ಒದ್ದೆಯಂತೆಯೋ ಒಣಗಿದಂತೆಯೋ ಕಾಣುತ್ತದೆ. ಸೊನ್ನೆಯ ಆಸುಪಾಸಿನ ಮಂಜುಗಡ್ಡೆ ಕಡುಚಳಿಯ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆಂಬುದನ್ನೂ ನೆನಪಿಡಿ.

ಟೈರು ನಿಮ್ಮನ್ನು ಅಲ್ಲಿ ಉಳಿಸುತ್ತಿರಲಿಲ್ಲ. ಎಬಿಎಸ್ ಕೂಡ ಚಕ್ರ ಕಟ್ಟಿಕೊಳ್ಳುವುದನ್ನು ತಡೆಯುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡದು. ಕಾರು ಜಾರಿದರೆ ಪಕ್ಕಕ್ಕೆ ಸರಿಯುತ್ತದೆ, ಎರಡು ಚಕ್ರದ್ದು ಮಲಗಿಬಿಡುತ್ತದೆ. ಆದ್ದರಿಂದ ನನ್ನ ಸಲಹೆ ನಿಷ್ಠುರವಾದದ್ದು: ರಾತ್ರಿ ತಿಳಿಯಾಗಿದ್ದು ಬೆಳಗಿನ ಉಷ್ಣಾಂಶ 3 ಡಿಗ್ರಿ ಅಥವಾ ಕಡಿಮೆ ಇದ್ದರೆ, ಬಿಸಿಲೇರುವ ತನಕ ತಡೆದು ಹೊರಡಿ, ಇಲ್ಲವೇ ಅಂದು ಬಸ್ಸು ಹಿಡಿಯಿರಿ. ವರ್ಷದಲ್ಲಿ ಅಂಥ ಕೆಲವು ದಿನಗಳನ್ನು ಬಿಟ್ಟುಕೊಟ್ಟರೆ ಚಳಿಗಾಲದ ಸವಾರನ ಮರ್ಯಾದೆಗೆ ಕುಂದೇನೂ ಬಾರದು. ತಿಳಿಯದೆ ಮಂಜುಗಡ್ಡೆಯ ಮೇಲೆ ಬಂದೇ ಬಿಟ್ಟರೆ ಬ್ರೇಕು ಮುಟ್ಟದೆ, ಹ್ಯಾಂಡಲ್ ತಿರುಗಿಸದೆ, ಬೈಕನ್ನು ನೆಟ್ಟಗಿರಿಸಿಕೊಂಡು ತೇಲಿಹೋಗಲು ಬಿಡಿ.

ಹಾಗೆಂದು ಟೈರನ್ನು ಮರೆಯಬಾರದು. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಬೇಸಿಗೆಯಲ್ಲಿ ತುಂಬಿಸಿದ್ದನ್ನು ನಂಬಿಕೊಂಡವರು ಅರಿವಿಲ್ಲದೆ ಕಡಿಮೆ ಗಾಳಿಯಲ್ಲಿ ಓಡಿಸುತ್ತಿರುತ್ತಾರೆ. ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆಂಬ ಮಾತಿಗೆ ಕಿವಿಗೊಡಬೇಡಿ. ವೇಗದ ಬೈಕುಗಳ ಮೆತ್ತನೆಯ ಟೈರುಗಳು ಬಿಸಿಯಾದಾಗಲೇ ಹಿಡಿತ ಕೊಡುವಂಥವು, ಚಳಿಯಲ್ಲಿ ಅವು ಗಟ್ಟಿಯಾಗಿಯೇ ಉಳಿಯುತ್ತವೆ. ದೂರಪಯಣಕ್ಕೆಂದು ಮಾಡಿದ, ಕಾಲುವೆಗಳು ಆಳವಾಗಿರುವ ಟೈರುಗಳು ಒದ್ದೆ ಚಳಿಗೆ ಮೇಲು.

ನೀವು ಬರೆಯದಿದ್ದರೂ ಇನ್ನೊಂದು ಮಾತು. 0 ಡಿಗ್ರಿಯ ಗಾಳಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವವರ ಬರಿಮೈಗೆ ಅದು −8 ಡಿಗ್ರಿಯ ಚಳಿಯಂತೆ ತಾಕುತ್ತದೆ. ಬೈಕಿನ ಲೋಹಕ್ಕೆ ಆ ಲೆಕ್ಕ ಅನ್ವಯಿಸದು, ಎಷ್ಟು ಗಾಳಿ ಬಡಿದರೂ ಅದು ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗದು. ನಮ್ಮ ಮೈ ಮಾತ್ರ ಶಾಖವನ್ನು ಕಳೆದುಕೊಳ್ಳುತ್ತಲೇ ಹೋಗುತ್ತದೆ. ಗಾಳಿ ತೂರದ ಹೊರ ಜಾಕೆಟ್ಟು, ಒಳಗೆ ತೆಳುವಾದ ಎರಡು ಪದರ, ಕತ್ತು ಮುಚ್ಚುವ ಬಟ್ಟೆ, ಆವಿ ಕಟ್ಟದ ಎರಡು ಪದರದ ವೈಸರು, ಇವಿಷ್ಟೂ ಬ್ರೇಕಿನಷ್ಟೇ ಮುಖ್ಯವಾದ ಸಾಮಾನುಗಳು.

ಪ್ರಶ್ನೆ: ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಹಾಗೆಯೇ ಬಿಡುತ್ತೇನೆ. ಸರಿಯೇ?

ಉತ್ತರ: ಬೇಡ. ನಿಂತಲ್ಲೇ ಎಂಜಿನ್ ಬಹಳ ನಿಧಾನವಾಗಿ ಕಾಯುತ್ತದೆ, ಅಷ್ಟು ಹೊತ್ತೂ ಮೇಲೆ ಹೇಳಿದ ನೀರು ಮತ್ತು ಪೆಟ್ರೋಲು ಆಯಿಲಿಗೆ ಇಳಿಯುತ್ತಲೇ ಇರುತ್ತವೆ. ಆಯಿಲ್ ಒತ್ತಡದ ದೀಪ ಆರಿ, ಕೈಗವಸು ಹಾಕಿಕೊಳ್ಳುವಷ್ಟು ಸಮಯ ಕಳೆದರೆ ಸಾಕು. ಬಳಿಕ ಮೊದಲ ನಾಲ್ಕೈದು ಕಿಲೋಮೀಟರ್ ಮೆತ್ತಗೆ ಓಡಿಸಿ. ಕಾರ್ಬ್ಯುರೇಟರಿನ ಬೈಕಾದರೆ ಚೋಕನ್ನು ಬೇಗನೆ ಒಳಗೆ ತಳ್ಳಲು ಮರೆಯಬೇಡಿ.

ಪ್ರಶ್ನೆ: ಚೈನಿಗೆ ಆಯಿಲ್ ಯಾವಾಗ ಹಾಕಬೇಕು, ಹೊರಡುವ ಮುನ್ನವೋ ಬಂದ ಮೇಲೋ?

ಉತ್ತರ: ಬಂದ ಮೇಲೆ, ತೊಳೆದು ಒರೆಸಿ, ಚೈನು ಇನ್ನೂ ಬೆಚ್ಚಗಿರುವಾಗ. ರಾತ್ರಿಯಿಡೀ ಅದು ಸಂದುಗಳಿಗೆ ಇಳಿದು ಕೂರುತ್ತದೆ. ಹೊರಡುವ ಗಳಿಗೆಯಲ್ಲಿ ಹಾಕಿದ್ದು ಹಿಂದಿನ ಚಕ್ರಕ್ಕೆ ಎರಚುತ್ತದೆ. ಉಪ್ಪಿನ ದಿನಗಳಲ್ಲಿ ವಾರಕ್ಕೆರಡು ಸಲವಾದರೂ ಹಾಕಿ.

ಪ್ರಶ್ನೆ: ನಮ್ಮ ತಂದೆಯವರು ಬಳಸುತ್ತಿದ್ದ, ನಲವತ್ತು ವರ್ಷ ಮೀರಿದ ಬೈಕು ನನ್ನ ಪಾಲಿಗೆ ಬಂದಿದೆ. ಬಣ್ಣ ಅವರ ಕಾಲದ್ದೇ, ಬಿಡಿಭಾಗಗಳು ಸಿಗುವುದು ಕಷ್ಟ. ನಿಲ್ಲಿಸಿದರೆ ಕೆಡುತ್ತದೆಂದು ಹೆದರಿ ಚಳಿಗಾಲದಲ್ಲಿಯೂ ದಿನಾ ಕೆಲಸಕ್ಕೆ ಒಯ್ಯುತ್ತಿದ್ದೇನೆ. ನಮ್ಮಲ್ಲಿಯೂ ರಸ್ತೆಗೆ ಉಪ್ಪು ಹಾಕುತ್ತಾರೆ.

ಉತ್ತರ: ಇಲ್ಲಿಯವರೆಗೆ ಓಡಿಸಿ ಎಂದೇ ಹೇಳುತ್ತ ಬಂದ ನಾನು ನಿಮಗೆ ಬೇಡವೆನ್ನುತ್ತೇನೆ. ಮೊದಲ ಪತ್ರದವರ ಬೈಕಿನ ಫೋರ್ಕು ಕೆಟ್ಟರೆ ಹೊಸದನ್ನು ತರಿಸಬಹುದು, ನಿಮ್ಮದರ ಬಣ್ಣವನ್ನು ಯಾರೂ ಮತ್ತೆ ತಂದುಕೊಡಲಾರರು. ನಿಂತ ಗಾಡಿ ಕೆಡುತ್ತದೆಂಬ ನಿಮ್ಮ ಭಯ ಸುಳ್ಳಲ್ಲ, ಆದರೆ ಹಾಗೆ ಕೆಡುವುದನ್ನು ತಡೆಯಲು ಉಪ್ಪಿನ ರಸ್ತೆಯೇ ಬೇಕಾಗಿಲ್ಲ. ಹೊಸ ಆಯಿಲ್ ಹಾಕಿ, ಕಬ್ಬಿಣದ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಕೂರದಂತೆ ಪೆಟ್ರೋಲನ್ನು ಪೂರ್ತಿ ತುಂಬಿಸಿ, ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದುಮಾಡಿ, ಬ್ಯಾಟರಿಯನ್ನು ಬಿಚ್ಚಿ ಚಾರ್ಜರಿಗೆ ಜೋಡಿಸಿ, ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ. ಹೊದಿಸುವುದಾದರೆ ಗಾಳಿಯಾಡುವ ಬಟ್ಟೆ ಇರಲಿ. ಪ್ಲಾಸ್ಟಿಕ್ ಹೊದಿಕೆ ಒಳಗಿನ ತೇವವನ್ನು ಅಲ್ಲೇ ಕೂಡಿಹಾಕುತ್ತದೆ. ಜೋರು ಮಳೆ ಬಂದು ಉಪ್ಪೆಲ್ಲ ಕೊಚ್ಚಿಹೋಗಿ ರಸ್ತೆ ಒಣಗಿದ ದಿನ ಸಿಕ್ಕರೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಿ ತನ್ನಿ. ಅಂಥ ದಿನ ಬಾರದಿದ್ದರೆ ಎಂಜಿನ್ನನ್ನು ಮುಟ್ಟಲೇಬೇಡಿ. ಭಾನುವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದು, ಒಂದು ಕಿಕ್ ಹೊಡೆದು, ಐದು ನಿಮಿಷ ಅದರ ಸದ್ದು ಕೇಳಿ ಆರಿಸುವ ಆಸೆ ನಿಮಗೆ ಖಂಡಿತ ಬರುತ್ತದೆ; ಅದನ್ನು ಹೇಗಾದರೂ ತಡೆದುಕೊಳ್ಳಿ.